ಇನ್ನೂರು ಹೂವಿಗೊಮ್ಮೆ: ಶಂಕರಪುರದ ಆಸುಪಾಸಿನ ಒಂದು ಫೈಬ್ರೊಮಯಾಲ್ಜಿಯ ಪ್ರಕರಣ

44 ವರ್ಷದ ಈ ಮಹಿಳೆ ನನ್ನ ಫಿಸಿಯೋಥೆರಪಿ ಕೊಠಡಿಗೆ ಮೊದಲ ಬಾರಿ ಬಂದಾಗ ಕೈಯಲ್ಲಿ ಜವಳಿ ಅಂಗಡಿಯ ಒಂದು ಚೀಲವಿತ್ತು; ಚೀಲದ ತುಂಬ ನಾಲ್ಕು ವರ್ಷಗಳ ರಿಪೋರ್ಟುಗಳಿದ್ದವು. ರಕ್ತಪರೀಕ್ಷೆಯ ಹಾಳೆಗಳು, ಕುತ್ತಿಗೆ ಮತ್ತು ಸೊಂಟದ ಎಕ್ಸ್‌ರೇಗಳು, ಒಂದು ಎಂಆರ್‌ಐ, ಮೂರು ಊರುಗಳ ಆರು ವೈದ್ಯರ ಚೀಟಿಗಳು. ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಮೂಲೆಯಲ್ಲಿ ಆ ದಿನ ಖರ್ಚಾದ ಹಣವನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಚೀಲವನ್ನು ಮೇಜಿನ ಮೇಲಿಟ್ಟು ಅವರು ಆಡಿದ ಮೊದಲ ಮಾತು ನೋವಿನ ಕುರಿತಾಗಿರಲಿಲ್ಲ. "ಇದರಲ್ಲಿ ಎಲ್ಲಾದರೂ ಒಂದು ಕಡೆ ಏನಾದರೂ ಉಂಟು ಅಂತ ಬರೆದಿದ್ದರೆ ತೋರಿಸಿ ಸರ್, ಮನೆಯಲ್ಲಿ ಹೇಳಲಿಕ್ಕೆ ಬೇಕು" ಎಂದರು.

ನಾನು ತೋರಿಸಿದೆ. ಕುತ್ತಿಗೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಲ್ಲಿ ಎರಡು ಮೂಳೆಗಳ ನಡುವೆ ತುಸು ಸವೆತವಿದೆ, ನಿಮ್ಮ ತೊಂದರೆಯೆಲ್ಲ ಇಲ್ಲಿಂದಲೇ ಎಂದೆ. ಅವರ ಮುಖದಲ್ಲಿ ಮೂಡಿದ ಸಮಾಧಾನ ಇಂದಿಗೂ ನೆನಪಿದೆ. ಆ ಸಮಾಧಾನವನ್ನು ತಪ್ಪು ಆಧಾರದ ಮೇಲೆ ಕೊಟ್ಟಿದ್ದೆನೆಂದು ನನಗೆ ತಿಳಿಯಲು ಎಂಟು ತಿಂಗಳು ಹಿಡಿಯಿತು. ನಲವತ್ತು ದಾಟಿದವರ ಕುತ್ತಿಗೆಯ ಚಿತ್ರ ತೆಗೆದರೆ ನೋವೇ ಇಲ್ಲದವರಲ್ಲಿಯೂ ಇಂಥ ಸವೆತ ಧಾರಾಳವಾಗಿ ಕಾಣಸಿಗುತ್ತದೆ ಎಂಬುದಾಗಲಿ, ಕುತ್ತಿಗೆಯ ಸವೆತದಿಂದ ತೊಡೆಯ ಹೊರಬದಿಯಲ್ಲಿಯೂ ದವಡೆಯಲ್ಲಿಯೂ ನೋವು ಬರುವುದಿಲ್ಲ ಎಂಬುದಾಗಲಿ ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಆ ಜಾಗಗಳಲ್ಲಿ ನೋವಿದೆಯೇ ಎಂದು ನಾನು ಕೇಳಲೇ ಇಲ್ಲ, ಅಷ್ಟೆ. ಕುತ್ತಿಗೆಗೆ ಎಳೆತ ಕೊಟ್ಟೆ, ಹೆಗಲಿನ ಸ್ನಾಯುಗಳನ್ನು ಬಲವಾಗಿ ಒತ್ತಿ ತಿಕ್ಕಿದೆ, ಹತ್ತು ವ್ಯಾಯಾಮಗಳ ಅಚ್ಚಾದ ಹಾಳೆಯೊಂದನ್ನು ಕೈಗಿತ್ತು ದಿನಕ್ಕೆ ಎರಡು ಬಾರಿ ಮಾಡಿರಿ ಎಂದೆ. ನಾಲ್ಕು ದಿನ ಬಂದರು, ಐದನೆಯ ದಿನ ಬರಲಿಲ್ಲ. ಹಾಳೆಯಲ್ಲಿದ್ದುದನ್ನೆಲ್ಲ ಒಂದೇ ದಿನ ಮಾಡಿ ಮೂರು ದಿನ ಏಳಲಾಗದೆ ಮಲಗಿದ್ದರೆಂದು ಅವರು ಹೇಳಿದ್ದು, ಸಂಧಿವಾತ ತಜ್ಞರೊಬ್ಬರ ಚೀಟಿ ಹಿಡಿದು ಎಂಟು ತಿಂಗಳ ಬಳಿಕ ಮತ್ತೆ ಬಂದಾಗ. ಚೀಟಿಯಲ್ಲಿ ಫೈಬ್ರೊಮಯಾಲ್ಜಿಯ ಎಂದಿತ್ತು: ಮೈಯೆಲ್ಲ ನೋವು, ದಣಿವು, ನಿದ್ರೆಯ ತೊಂದರೆ ದೀರ್ಘಕಾಲ ಕಾಡುವ ಕಾಯಿಲೆ.

ಪ್ರಕರಣವನ್ನು ಅವರ ಒಪ್ಪಿಗೆಯಿಂದ, ಗುರುತು ಸಿಗದಷ್ಟು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದು ಚಿಕಿತ್ಸೆಯ ಯಶಸ್ಸಿನ ಕಥೆಯಲ್ಲ. ಒಂದು ಕಾಯಿಲೆಯ ಸುತ್ತ ಮನೆಯವರಲ್ಲಿ, ನೆರೆಹೊರೆಯವರಲ್ಲಿ, ರೋಗಿಯಲ್ಲಿ ಮತ್ತು ಚಿಕಿತ್ಸೆ ಕೊಡುವವನಲ್ಲಿಯೂ ಇದ್ದ ತಪ್ಪು ತಿಳಿವಳಿಕೆಗಳು ದಿನದಿನದ ಬದುಕನ್ನು ಹೇಗೆ ನಡೆಸಿದವು ಎಂಬುದೇ ಇದರ ವಿಷಯ.

ಹಿನ್ನೆಲೆ

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಶಂಕರಪುರವಿದೆ. ಉಡುಪಿ ಮಲ್ಲಿಗೆ ಎಂದು ಹೆಸರಾದ ಹೂವಿಗೆ ಆ ಊರೇ ತವರು. ಈ ಕುಟುಂಬ ಅಲ್ಲಿಂದ ಸ್ವಲ್ಪ ದೂರದಲ್ಲಿ ಮನೆಯ ಹಿತ್ತಿಲಲ್ಲಿ ಅರವತ್ತರಷ್ಟು ಗಿಡಗಳನ್ನು ಬೆಳೆಸಿದೆ. ಪತಿ ಕೊಲ್ಲಿಯಲ್ಲಿ ದುಡಿಯುತ್ತಾರೆ, ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ, ಡಿಗ್ರಿ ಓದುವ ಮಗಳು, ಪಿಯುಸಿಯ ಮಗ. ಮಲ್ಲಿಗೆಯ ಕೆಲಸ ಹೊರಗಿನವರಿಗೆ ಹಗುರವೆಂದು ಕಾಣುತ್ತದೆ. ಆದರೆ ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕಾದ್ದರಿಂದ ಮುಂಜಾನೆ ನಾಲ್ಕೂವರೆಗೆ ಎದ್ದು, ತೋಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡೇ ಗಿಡದಿಂದ ಗಿಡಕ್ಕೆ ಸರಿಯಬೇಕು; ಆಮೇಲೆ ಚಾವಡಿಯಲ್ಲಿ ಮಣೆಯ ಮೇಲೆ ಕುಳಿತು, ನೆನೆಸಿದ ಬಾಳೆನಾರನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಬಿಗಿಹಿಡಿದು, ಹೂವು ಎಣಿಸುತ್ತ ಕಟ್ಟಬೇಕು. 800 ಹೂವು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೊತ್ತೇರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ತಲುಪದ ಹೂವಿಗೆ ಬೆಲೆಯಿಲ್ಲ. ಗಿಡವಾಗಲಿ ಕಟ್ಟೆಯಾಗಲಿ ಇವತ್ತು ನಿಮಗೆ ಮೈಯಲ್ಲಿ ಹುಷಾರಿದೆಯೇ ಎಂದು ಕೇಳುವುದಿಲ್ಲ.

ತೊಂದರೆ ಶುರುವಾದದ್ದು ಮಳೆಗಾಲದ ಒಂದು ವಾರದ ಜ್ವರದ ಬಳಿಕ. ಅದೇ ವರ್ಷ ಅವರ ತಂದೆ ತೀರಿಕೊಂಡಿದ್ದರು. ಜ್ವರ ಬಿಟ್ಟಿತು, ಮೈಕೈ ನೋವು ಬಿಡಲಿಲ್ಲ. ಮೊದಲು ಕುತ್ತಿಗೆ ಮತ್ತು ಹೆಗಲು, ಬಳಿಕ ಬೆನ್ನು, ಪೃಷ್ಠ, ತೊಡೆ, ಮುಂಗೈ, ಕೊನೆಗೆ ದವಡೆ. ರವಿಕೆಯ ತೋಳು ಬಿಗಿಯಾದರೂ ಸಹಿಸಲಾಗದು, ಬಸ್ಸಿನಲ್ಲಿ ಯಾರಾದರೂ ಭುಜಕ್ಕೆ ತಗುಲಿದರೆ ಏಟು ಬಿದ್ದ ಹಾಗೆ. ರಾತ್ರಿ ಮಲಗುತ್ತಿದ್ದರು, ಆದರೆ ಬೆಳಿಗ್ಗೆ ಏಳುವಾಗ ಮಲಗಿಯೇ ಇರಲಿಲ್ಲವೆಂಬಂತೆ ಏಳುತ್ತಿದ್ದರು. ಇದಕ್ಕೆಲ್ಲ ಹೊಂದಿಕೆಯಾಗದ ಇನ್ನೊಂದು ದೂರು ಅವರಿಗಿತ್ತು, ಅದನ್ನು ಹೇಳಲು ನಾಚಿಕೊಳ್ಳುತ್ತಿದ್ದರು: ಹೂವು ಕಟ್ಟುವಾಗ ಎಣಿಕೆ ತಪ್ಪುತ್ತಿತ್ತು. ನಾನ್ನೂರೋ ಐನೂರೋ ಎಂದು ಮರೆತುಹೋಗಿ ಮಾಲೆಯನ್ನು ಮಡಿಲಲ್ಲಿ ಹರವಿಕೊಂಡು ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತಿತ್ತು. ಅತ್ತೆಗೆ ಇದು ಅಸಡ್ಡೆಯಾಗಿ ಕಂಡಿತ್ತು, ಅವರಿಗೆ ಸ್ವತಃ ಬುದ್ಧಿಭ್ರಮಣೆಯ ಮುನ್ಸೂಚನೆಯಾಗಿ. ಮರೆವು ಮತ್ತು ಮಂಕು ಈ ಕಾಯಿಲೆಯ ಲಕ್ಷಣಪಟ್ಟಿಯಲ್ಲೇ ಇವೆ ಎಂದು ಹೇಳಿದಾಗ ಅವರು ಕಣ್ಣೊರೆಸಿಕೊಂಡರು. ನೋವಿನ ಬಗ್ಗೆ ಮಾತಾಡುವಾಗ ಒಮ್ಮೆಯೂ ಅತ್ತವರಲ್ಲ.

ನೆರೆಹೊರೆಯ ವಿವರಣೆಗಳು ಬೇರೆಬೇರೆಯಾಗಿದ್ದವು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯ ವ್ಯಾಪಕವಾಗಿ ಹಬ್ಬಿ ತಿಂಗಳುಗಟ್ಟಲೆ ಗಂಟುನೋವು ಉಳಿಸಿಹೋದ ನೆನಪು ಈ ಕಡೆಯ ಜನರಲ್ಲಿ ಇನ್ನೂ ಹಸಿಯಾಗಿರುವುದರಿಂದ, ಜ್ವರದ ನಂತರದ ಯಾವ ನೋವಿಗೂ ಆ ಹೆಸರು ಸಲೀಸಾಗಿ ಅಂಟಿಕೊಳ್ಳುತ್ತದೆ. ಇವರ ರಕ್ತದಲ್ಲಿ ಅದರ ಕುರುಹು ಸಿಕ್ಕಿರಲಿಲ್ಲ. ಬಾಣಂತನ ಸರಿಯಾಗಿ ಆಗಿಲ್ಲ ಎಂದರು ತವರಿನವರು. ನಂಜು ಎಂದರು ಅತ್ತೆ. ಬದನೆ, ಹಲಸು, ಒಣಮೀನು, ಬಂಗುಡೆ ಒಂದೊಂದಾಗಿ ತಟ್ಟೆಯಿಂದ ಮರೆಯಾಗಿ, ಒಂದೂವರೆ ವರ್ಷ ಗಂಜಿ ಮತ್ತು ಹೆಸರುಕಾಳಿನಲ್ಲೇ ಕಳೆದು, ಆರು ಕಿಲೊ ತೂಕ ಇಳಿದಿತ್ತು, ನೋವು ಇಳಿದಿರಲಿಲ್ಲ. ಜೋಯಿಸರಲ್ಲಿ ಪ್ರಶ್ನೆಯನ್ನೂ ಇಟ್ಟು ನೋಡಿದ್ದರು. ಇವುಗಳನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ, ಏಕೆಂದರೆ ನನ್ನ ಸವೆತದ ವಿವರಣೆಯೂ ಇದೇ ಸಾಲಿಗೆ ಸೇರಿದ್ದು. ಈ ಎಲ್ಲ ವಿವರಣೆಗಳೂ ಕಾಯಿಲೆಗೆ ದೇಹದಲ್ಲಿ ಕೈಯಿಟ್ಟು ತೋರಿಸಬಹುದಾದ ಒಂದು ಜಾಗವನ್ನು ಹುಡುಕುತ್ತಿದ್ದವು.

ನಾರ್ಮಲ್ ಎಂಬ ಪದ

ಚೀಲದಲ್ಲಿದ್ದ ರಿಪೋರ್ಟುಗಳಲ್ಲಿ ಉರಿಯೂತವನ್ನು ಅಳೆಯುವ ಇಎಸ್‌ಆರ್, ಸಿಆರ್‌ಪಿ, ಥೈರಾಯ್ಡ್, ಸಂಧಿವಾತದ ಪರೀಕ್ಷೆ ಎಲ್ಲವೂ ಸರಿಯಾಗಿದ್ದವು. ವಿಟಮಿನ್ ಡಿ ಕಡಿಮೆಯಿತ್ತು. ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ನ ಮಾತ್ರೆ ಕೊಟ್ಟು ಅದನ್ನು ಸರಿಪಡಿಸಿದರೂ ನೋವಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. ಪ್ರತಿ ಬಾರಿ ರಿಪೋರ್ಟ್ ಬಂದಾಗಲೂ ಪತಿ ವಾಟ್ಸ್ಆ್ಯಪ್ ಕರೆಯಲ್ಲಿ "ನಾರ್ಮಲ್ ಅಲ್ಲವಾ, ದೇವರು ದೊಡ್ಡವನು" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ನೆಮ್ಮದಿಯಿತ್ತು. ಆದರೆ ಆ ಪದ ಮನೆಯೊಳಗೆ ಬಂದಂತೆಲ್ಲ ಅದರ ಅರ್ಥ ಬದಲಾಗುತ್ತ ಹೋಯಿತು: ಮೊದಲು "ಭಯಪಡುವಂಥದ್ದು ಇಲ್ಲ," ಆಮೇಲೆ "ಏನೂ ಇಲ್ಲ," ಕೊನೆಗೆ "ಅವಳಿಗೆ ಏನೂ ಇಲ್ಲ."

ಫೈಬ್ರೊಮಯಾಲ್ಜಿಯವನ್ನು ಎತ್ತಿ ತೋರಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಈ ಪರೀಕ್ಷೆಗಳನ್ನು ಮಾಡಿಸುವುದು ಇದನ್ನು ಹುಡುಕುವುದಕ್ಕಲ್ಲ. ಇದರಂತೆಯೇ ತೋರುವ ಥೈರಾಯ್ಡ್ ಕೊರತೆ, ಸಂಧಿವಾತ, ಲೂಪಸ್, ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆದುವಾಗುವ ತೊಂದರೆ ಮುಂತಾದವು ಇಲ್ಲವೆಂದು, ಅಥವಾ ಇದರ ಜೊತೆಗೆ ಅವೂ ಇವೆಯೆಂದು ತಿಳಿಯುವುದಕ್ಕೆ. ಜೊತೆಗೆ ಇರಬಹುದು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಎಲ್ಲ ಕಾಯಿಲೆಗಳನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಕಸಕ್ಕೆ ಕೊಡುವ ಹೆಸರು ಇದು ಎಂಬ ಭಾವನೆ ವೈದ್ಯಕೀಯದವರಲ್ಲಿಯೂ ಇದೆ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ರೂಪಿಸಿದ ಮಾನದಂಡದ ಪ್ರಕಾರ ದೇಹದ 18 ನಿರ್ದಿಷ್ಟ ಬಿಂದುಗಳನ್ನು ಒತ್ತಿ ನೋಡಿ 11ರಲ್ಲಿ ನೋವಿದೆಯೇ ಎಂದು ಎಣಿಸಬೇಕಿತ್ತು. 2010ರ ಮಾನದಂಡ ಆ ಎಣಿಕೆಯನ್ನು ಕೈಬಿಟ್ಟು, 19 ಭಾಗಗಳಲ್ಲಿ ಎಷ್ಟು ಕಡೆ ನೋವಿದೆ ಎಂಬುದನ್ನೂ, ದಣಿವು, ನಿದ್ರೆ, ಮಂಕು ಮುಂತಾದವುಗಳ ತೀವ್ರತೆಗೆ 12ರಲ್ಲಿ ಎಷ್ಟು ಅಂಕ ಎಂಬುದನ್ನೂ ಕೇಳಿ ತಿಳಿಯುವ ಕ್ರಮವನ್ನು ತಂದಿತು. 2016ರ ಪರಿಷ್ಕರಣೆ ಇನ್ನೊಂದು ಕಾಯಿಲೆ ಇದ್ದರೂ ಈ ರೋಗನಿದಾನ ಸಲ್ಲುತ್ತದೆ ಎಂದು ಸ್ಪಷ್ಟಪಡಿಸಿತು. ಇವರಿಗೆ 19ರಲ್ಲಿ 12 ಕಡೆ ನೋವಿತ್ತು. ತೀವ್ರತೆಯ ಅಂಕ 8. ಮೊದಲನೆಯದು ಕನಿಷ್ಠ 7, ಎರಡನೆಯದು ಕನಿಷ್ಠ 5 ಇದ್ದು, ಮೂರು ತಿಂಗಳು ಮೀರಿದ್ದರೆ ನಿದಾನಕ್ಕೆ ಸಾಕು. ಅಂದರೆ ಎಂಆರ್‌ಐ ಬೇಕಾಗಿರಲಿಲ್ಲ, ಕುಳಿತು ಕೇಳುವವರು ಬೇಕಾಗಿತ್ತು.

ಹಾಗಾದರೆ ಕೆಟ್ಟಿರುವುದು ಏನು ಎಂಬ ಪ್ರಶ್ನೆಗೆ ನಾನು ಅವರ ಅತ್ತೆಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ, ಅದಕ್ಕಿಂತ ಚೆನ್ನಾದದ್ದು ನನ್ನ ಬಳಿ ಇಲ್ಲ. ಗದ್ದೆಯಲ್ಲಿ ಬಯಲಾಟ ನಡೆಯುವಾಗ ಮೈಕ್‌ಸೆಟ್ಟಿನವನು ಧ್ವನಿಯನ್ನು ಮಿತಿಮೀರಿ ಏರಿಸಿಟ್ಟರೆ ಭಾಗವತರ ಪದ ಮಾತ್ರವಲ್ಲ, ವೇಷ ಕಟ್ಟುವ ಚೌಕಿಯಲ್ಲಿ ಯಾರೋ ಕೆಮ್ಮಿದ್ದೂ ಊರಾಚೆಗೆ ಕೇಳಿಸುತ್ತದೆ. ಆ ಕೆಮ್ಮಿದವನ ಗಂಟಲನ್ನು ಎಷ್ಟು ಪರೀಕ್ಷಿಸಿದರೂ ರಿಪೋರ್ಟ್ ನಾರ್ಮಲ್ಲೇ ಬರುತ್ತದೆ. ಹಾಗೆಂದು ಗದ್ದಲ ಸುಳ್ಳೇ? ಮೈಯ ಯಾವ ಭಾಗದಲ್ಲಿ ಏನು ತಗುಲಿದರೂ ಅದರ ಸುದ್ದಿಯನ್ನು ಬೆನ್ನುಹುರಿ ಮತ್ತು ಮೆದುಳು ಹಿಗ್ಗಿಸಿ ಕೇಳಿಸುತ್ತವೆ. ತಗ್ಗಿಸಬೇಕಾದ ವ್ಯವಸ್ಥೆ ಸರಿಯಾಗಿ ತಗ್ಗಿಸುತ್ತಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 16 ಮಂದಿ ರೋಗಿಗಳ ಮತ್ತು ಅಷ್ಟೇ ಮಂದಿ ಆರೋಗ್ಯವಂತರ ಹೆಬ್ಬೆರಳ ಉಗುರನ್ನು ಒತ್ತುತ್ತ ಮೆದುಳಿನ ಸ್ಕ್ಯಾನ್ ತೆಗೆದಿದ್ದರು. ರೋಗಿಗಳಲ್ಲಿ ಹಗುರ ಒತ್ತಡಕ್ಕೇ ನೋವಿನ ಭಾಗಗಳು ಚುರುಕಾದವು. ಆರೋಗ್ಯವಂತರಲ್ಲಿ ಅಷ್ಟೇ ನೋವು, ಅಷ್ಟೇ ಚುರುಕು ಕಾಣಬೇಕಾದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ಒತ್ತಬೇಕಾಯಿತು. ನೋವು ಕಲ್ಪನೆಯಾಗಿದ್ದರೆ ಸ್ಕ್ಯಾನ್ ಹಾಗೆ ಹೇಳುತ್ತಿರಲಿಲ್ಲ. ಅತ್ತೆ ಎಲ್ಲವನ್ನೂ ಕೇಳಿ, ತಮ್ಮ ಹೆಬ್ಬೆರಳ ಉಗುರನ್ನು ತಾವೇ ಒತ್ತಿ ನೋಡಿಕೊಂಡರು. ಏನೂ ಹೇಳಲಿಲ್ಲ.

ಹಿಂದಿನವರೂ ದೇಹದಲ್ಲಿ ಉರಿಯೂತವನ್ನೇ ಹುಡುಕಿದ್ದರು. 1904ರಲ್ಲಿ ಲಂಡನ್ನಿನ ನರರೋಗ ತಜ್ಞ ವಿಲಿಯಂ ಗೋವರ್ಸ್ ಇಂಥ ನೋವಿಗೆ ಫೈಬ್ರೊಸೈಟಿಸ್ ಎಂದು ಹೆಸರಿಟ್ಟರು. ನಾರುಗಳ ಉರಿಯೂತ ಎಂದು ಅದರ ಅರ್ಥ. ಉರಿಯೂತ ಸಿಗದೆ ಹೋದಾಗ, 1976ರ ಹೊತ್ತಿಗೆ ಹೆಸರು ಫೈಬ್ರೊಮಯಾಲ್ಜಿಯ ಎಂದಾಯಿತು. ಉರಿಯೂತವಿಲ್ಲದ್ದರಿಂದಲೇ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಸ್ಟೀರಾಯ್ಡ್‌ಗಳೂ ಇದರ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಇವರು ಎರಡು ವರ್ಷ ದಿನಕ್ಕೊಂದರಂತೆ ನೋವಿನ ಮಾತ್ರೆ ನುಂಗಿ ಗಳಿಸಿದ್ದು ಹೊಟ್ಟೆಯುರಿಯನ್ನು ಮಾತ್ರ. ಗಂಟುಗಳು ಸೊಟ್ಟಗಾಗುವುದೂ ಇದರಲ್ಲಿಲ್ಲ. ಮುಂದೆ ಗಾಲಿಕುರ್ಚಿಯೇ ಗತಿ ಎಂದು ಯಾರೋ ಹೆದರಿಸಿದ್ದು ನಿರಾಧಾರ.

ಮದರಂಗಿಯ ಮರುದಿನ

ಮನೆಯೊಳಗಿನ ಅಪನಂಬಿಕೆ ಗಟ್ಟಿಯಾದದ್ದು ಒಂದು ಮದುವೆಯಲ್ಲಿ. ನಾದಿನಿಯ ಮಗಳ ಮದರಂಗಿಯ ರಾತ್ರಿ ಅವರು ಅಲಂಕರಿಸಿಕೊಂಡು, ಬಂದವರಿಗೆ ಬಡಿಸಿ, ಹುಡುಗಿಯರ ಒತ್ತಾಯಕ್ಕೆ ನಾಲ್ಕು ಹೆಜ್ಜೆ ಕುಣಿದೂ ಇದ್ದರು. ಅದರ ವಿಡಿಯೊ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡಿತು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಮುಹೂರ್ತಕ್ಕೂ ಹೋಗಲಿಲ್ಲ. "ನಿನ್ನೆ ರಾತ್ರಿ ಇಲ್ಲದ ನೋವು ಬೆಳಗಾಗುವಾಗ ಎಲ್ಲಿಂದ ಬಂತು?" ಎಂದು ಅತ್ತೆ ಕೇಳಿದರಂತೆ. ನಾದಿನಿ ಕೇಳಲಿಲ್ಲ, ಒಂದು ವರ್ಷ ಮಾತು ಬಿಟ್ಟರು.

ಈ ಕಾಯಿಲೆ ಇದ್ದವರ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಬಹಳ ಹಾನಿ ಮಾಡುವಂಥದ್ದು ಇದೇ ಎಂದು ನನ್ನ ಅಭಿಪ್ರಾಯ: ಒಂದು ದಿನ ಮಾಡಲು ಸಾಧ್ಯವಾದದ್ದು ಪ್ರತಿದಿನವೂ ಸಾಧ್ಯವಾಗಬೇಕು, ಇಲ್ಲದಿದ್ದರೆ ನಟನೆ. ನಿಜಸಂಗತಿಯೇನೆಂದರೆ, ಶ್ರಮದ ಬೆಲೆಯನ್ನು ದೇಹ ಇಲ್ಲಿ ಮಾರನೆಯ ದಿನ, ಕೆಲವೊಮ್ಮೆ ಮೂರನೆಯ ದಿನ, ಬಡ್ಡಿಸಮೇತ ವಸೂಲು ಮಾಡುತ್ತದೆ. ನೋಡುವವರಿಗೆ ಖರ್ಚು ಮಾತ್ರ ಕಾಣುತ್ತದೆ, ಸಾಲ ಕಾಣುವುದಿಲ್ಲ.

ಈ ಮಾತನ್ನು ಕೇಳಬೇಕಾದವರು ಮನೆಯವರು ಮಾತ್ರವಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಅಪನಂಬಿಕೆ ಹೆಚ್ಚಿದಷ್ಟೂ ಇವರು ನೋವು ಕಡಿಮೆಯಿದ್ದ ದಿನಗಳಲ್ಲಿ ತಮ್ಮನ್ನು ಸಾಬೀತುಪಡಿಸಿಕೊಳ್ಳಲು ಹೊರಡುತ್ತಿದ್ದರು. ಅಂಥ ದಿನ ಎರಡು ಅಟ್ಟೆ ಕಟ್ಟಿ, ಬಚ್ಚಲು ತಿಕ್ಕಿ, ಹೆರೆಮಣೆಯ ಮೇಲೆ ಮೂರು ಕಾಯಿ ಹೆರೆದು ಇಡುತ್ತಿದ್ದರು. ಮುಂದಿನ ಮೂರು ದಿನ ಮಲಗುತ್ತಿದ್ದರು. ಮಲಗಿದ್ದನ್ನು ಕಂಡವರ ಅಪನಂಬಿಕೆ ಇನ್ನಷ್ಟು ಬೆಳೆಯುತ್ತಿತ್ತು. ಮಲ್ಲಿಗೆಯ ಹಂಗಾಮು ಏರುವ ಮಾರ್ಚ್‌ನಿಂದ ಮೇ ವರೆಗೆ ಈ ಏರಿಳಿತ ವಾರವಾರವೂ ನಡೆಯುತ್ತಿತ್ತು. ಅವರನ್ನು ನಂಬಿ ಎಂದು ನಾನು ಮನೆಯವರನ್ನು ಕೇಳಿಕೊಂಡದ್ದು ದಯೆ ತೋರಿಸಿ ಎಂಬ ಅರ್ಥದಲ್ಲಲ್ಲ. ನಂಬಿಕೆಯಿದ್ದರೆ ಸಾಬೀತುಪಡಿಸುವ ಅಗತ್ಯವಿಲ್ಲ, ಸಾಬೀತುಪಡಿಸಬೇಕಿಲ್ಲದಿದ್ದರೆ ಒಂದೇ ದಿನ ಎರಡು ಅಟ್ಟೆ ಕಟ್ಟುವ ಅಗತ್ಯವೂ ಇಲ್ಲ. ಇದು ಮಾತ್ರೆಯಷ್ಟೇ ನೇರವಾದ ಚಿಕಿತ್ಸೆ.

ಮಾತ್ರೆಯ ವಿಷಯ

ತಜ್ಞರು ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದಿದ್ದರು. ಆರನೆಯ ದಿನ ನಿಂತಿತು. ಬೆಂಗಳೂರಿನಲ್ಲಿರುವ ಭಾವನ ಮಗ ಫೋನಿನಲ್ಲಿ ಹುಡುಕಿ, ಇದು ಖಿನ್ನತೆಯ ಮಾತ್ರೆ, ಚಿಕ್ಕಮ್ಮನಿಗೆ ಮಾನಸಿಕ ಎಂದು ಡಾಕ್ಟರು ತೀರ್ಮಾನಿಸಿದ್ದಾರೆ ಎಂದು ತಿಳಿಸಿದ್ದ. ಹುಡುಗ ಓದಿದ್ದು ಸುಳ್ಳಲ್ಲ. ಆದರೆ ಖಿನ್ನತೆಗೆ ಕೊಡುವ ಪ್ರಮಾಣ ಇದರ ಹಲವು ಪಟ್ಟು. 10ರಿಂದ 25 ಮಿಲಿಗ್ರಾಂನಲ್ಲಿ ಅದು ಮುಖ್ಯವಾಗಿ ನಿದ್ರೆಯನ್ನು ಆಳವಾಗಿಸಿ, ನೋವನ್ನು ತಗ್ಗಿಸುವ ನರಮಾರ್ಗಗಳಿಗೆ ನೆರವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಕಾಯಿಲೆಗೆಂದೇ ಮೊದಲು ಒಪ್ಪಿಗೆ ಕೊಟ್ಟ ಮೂರು ಔಷಧಗಳಲ್ಲಿ 2007ರ ಪ್ರಿಗಾಬಲಿನ್ ಮೂಲತಃ ಅಪಸ್ಮಾರ ಮತ್ತು ನರನೋವಿನದು. 2008ರ ಡುಲೊಕ್ಸೆಟಿನ್ ಖಿನ್ನತೆಗೂ ಬಳಕೆಯಲ್ಲಿರುವಂಥದ್ದು. 2009ರ ಮಿಲ್ನಾಸಿಪ್ರಾನ್ ಕೂಡ ಅದೇ ಬಗೆಯದು. ಪ್ರಿಗಾಬಲಿನ್ ತೆಗೆದುಕೊಂಡವರಿಗೆ ಅಪಸ್ಮಾರವಿದೆ ಎಂದು ಯಾರೂ ಹೇಳುವುದಿಲ್ಲ. ಖಿನ್ನತೆ, ಆತಂಕ ಈ ಕಾಯಿಲೆಯ ಜೊತೆಗೆ ಹೆಚ್ಚಾಗಿಯೇ ಕಂಡುಬರುತ್ತವೆ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ. ಆದರೆ ಖಿನ್ನತೆಯಿಲ್ಲದ ಎಷ್ಟೋ ಮಂದಿಗೆ ಈ ನೋವಿದೆ. ಇದ್ದವರಲ್ಲಿಯೂ ನಾಲ್ಕು ವರ್ಷ ನೋವುಂಡು ಯಾರೂ ನಂಬದೆ ಹೋದರೆ ಮನಸ್ಸು ಕುಗ್ಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಾತ್ರೆ ಬಿಟ್ಟದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ಹತ್ತು ಗಂಟೆಗೆ ನುಂಗಿದರೆ ನಾಲ್ಕೂವರೆಗೆ ತೂಕಡಿಕೆ ಇಳಿದಿರುತ್ತಿರಲಿಲ್ಲ, ಕತ್ತಲಲ್ಲಿ ಹಿತ್ತಿಲಿಗೆ ಇಳಿಯಲು ಹೆದರಿಕೆಯಾಗುತ್ತಿತ್ತು. ತಜ್ಞರನ್ನು ಕೇಳಿ ಮಾತ್ರೆಯನ್ನು ರಾತ್ರಿ ಏಳೂವರೆಗೆ, ಊಟದ ಹೊತ್ತಿಗೆ ಸರಿಸಲಾಯಿತು. ಬಾಯಿ ಒಣಗುವುದು ಉಳಿಯಿತು, ತೂಕಡಿಕೆ ಬಹುಮಟ್ಟಿಗೆ ಹೋಯಿತು. ಮೊದಲ ಕೊಯ್ಲಿಗೆ ವಾರದಲ್ಲಿ ಮೂರು ದಿನ ಮಗಳು ಇಳಿಯುವುದೆಂದೂ ಆಯಿತು. ನಿದ್ರೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ: 1975ರಲ್ಲೇ ಟೊರಾಂಟೊದಲ್ಲಿ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರನ್ನು ಆಳನಿದ್ರೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಕದಡಿದಾಗ, ಬೆಳಿಗ್ಗೆ ಅವರಲ್ಲಿಯೂ ಮೈಕೈ ನೋವು ಮತ್ತು ಒತ್ತಿದರೆ ನೋಯುವುದು ಕಾಣಿಸಿಕೊಂಡಿತ್ತು.

ಎಣಿಕೆ

ವಿಶ್ರಾಂತಿ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂಬುದು ಅವರ ಹಿತೈಷಿಗಳೆಲ್ಲರ ಸಲಹೆಯಾಗಿತ್ತು. ಆದರೆ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಬಲವಾದ ಶಿಫಾರಸು ದೊರೆತದ್ದು ವ್ಯಾಯಾಮ ಒಂದಕ್ಕೇ. ಔಷಧಗಳಿಗೆಲ್ಲ ದುರ್ಬಲ ಶಿಫಾರಸು. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ನಿದ್ರೆ ಕೆಡುತ್ತದೆ, ಮರುದಿನದ ಸಣ್ಣ ಕೆಲಸವೂ ದೊಡ್ಡದಾಗುತ್ತದೆ. ಆದರೆ ವ್ಯಾಯಾಮ ಒಳ್ಳೆಯದೆಂಬ ಸತ್ಯವನ್ನೇ ಹಿಡಿದು ನಾನು ಹತ್ತು ವ್ಯಾಯಾಮದ ಹಾಳೆ ಕೊಟ್ಟು ಅವರನ್ನು ಕೆಡವಿದ್ದೆನಷ್ಟೆ. ಎರಡನೆಯ ಬಾರಿ ಹಾಳೆ ಕೊಡಲಿಲ್ಲ. ಸಂಜೆ ಮನೆಯಿಂದ ದೈವಸ್ಥಾನದ ಕಟ್ಟೆಯವರೆಗೆ ಹೋಗಿ ಬರುವ ಆರು ನಿಮಿಷದ ನಡಿಗೆ, ಅಷ್ಟೆ. ಚೆನ್ನಾಗಿದೆ ಅನಿಸಿದರೂ ಏಳನೆಯ ನಿಮಿಷ ನಡೆಯಬಾರದು, ನೋವಿದ್ದರೂ ಆರು ನಿಮಿಷ ಬಿಡಬಾರದು ಎಂಬುದು ಕರಾರು. ಎರಡು ವಾರಕ್ಕೆ ಒಂದು ನಿಮಿಷ ಹೆಚ್ಚಳ. ಆರಂಭದ ದಿನಗಳಲ್ಲಿ ನೋವು ತುಸು ಏರಿತು. ಅದು ಏರಬಹುದೆಂದೂ, ಒಳಗೆ ಏನೋ ಹರಿದುಹೋಗಿದೆ ಎಂದು ಅದರ ಅರ್ಥವಲ್ಲವೆಂದೂ ಮೊದಲೇ ಹೇಳಿದ್ದರಿಂದ ಈ ಬಾರಿ ಬಿಡಲಿಲ್ಲ.

ಹೂವು ಕಟ್ಟುವ ಕೆಲಸಕ್ಕೆ ಈ ನಿಯಮವನ್ನು ಹೊಂದಿಸುವುದು ನನಗೆ ಬಗೆಹರಿಯಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಏಳಿ ಎಂದೆ, ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟೆ. ಅಲಾರಂ ಹೊಡೆದಾಗ ಕೈಯಲ್ಲಿ ನಾರು ಬಿಗಿದಿರುತ್ತದೆ, ಬಿಟ್ಟರೆ ಗಂಟು ಸಡಿಲ, ಎಣಿಕೆಯೂ ಮರೆತುಹೋಗುತ್ತದೆ. ಒಂದು ವಾರದಲ್ಲಿ ಅಲಾರಂ ಬಂದ್ ಮಾಡಿಟ್ಟರು. ಮುಂದಿನ ಭೇಟಿಗೆ ಅತ್ತೆಯೂ ಜೊತೆಗೆ ಬಂದಿದ್ದರು, ಹೆಬ್ಬೆರಳ ಉಗುರು ಒತ್ತಿ ನೋಡಿಕೊಂಡವರು. ನನ್ನ ಮಾತು ಮುಗಿಯುವವರೆಗೆ ಕಾದು, "ಡಾಕ್ಟ್ರೇ, ಹೂವಿನವರಿಗೆ ಗಡಿಯಾರ ಯಾಕೆ? ಚೆಂಡಿಗೆ ಎಂಟುನೂರು. ಇನ್ನೂರಕ್ಕೆ ಒಂದು ನಾರಿನ ಗುರುತು ಹಾಕಲಿ, ಎದ್ದು ಬಚ್ಚಲಿಗೋ ಬಾವಿಕಟ್ಟೆಗೋ ಹೋಗಿ ಬರಲಿ. ಎಣಿಕೆಯೂ ತಪ್ಪುವುದಿಲ್ಲ" ಎಂದರು. ಅರವತ್ತು ವರ್ಷ ಹೂವು ಕಟ್ಟಿದವರ ಮಾತು. ಎಣಿಕೆ ತಪ್ಪುವುದು ಅಸಡ್ಡೆಯಲ್ಲ ಎಂದು ಅವರು ಒಪ್ಪಿದ್ದು ಆ ವಾಕ್ಯದಲ್ಲೇ ಎಂದು ನಾನು ತಿಳಿದಿದ್ದೇನೆ. ಬೇರೆ ರೀತಿಯಲ್ಲಿ ಅವರು ಅದನ್ನು ಹೇಳಲಿಲ್ಲ, ಸೊಸೆ ಕೇಳಲೂ ಇಲ್ಲ. ಮಣೆಯ ಬದಲು ಗೋಡೆಗೆ ಒರಗಬಹುದಾದ ಕುರ್ಚಿಯೂ ಬಂತು.

ದಿನಕ್ಕೆ ಎರಡು ಚೆಂಡು ಎಂಬ ಮಿತಿಯನ್ನು ಇಟ್ಟೆವು, ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ. ಉಳಿದ ಹೂವನ್ನು ಅತ್ತೆ ಮತ್ತು ನೆರೆಮನೆಯ ಒಬ್ಬರು ಕಟ್ಟುತ್ತಾರೆ, ನೆರೆಯವರಿಗೆ ಕೂಲಿ ಕೊಡಬೇಕಾಗುತ್ತದೆ. ಆದಾಯ ಇಳಿದಿದೆ, ಅದನ್ನು ಮರೆಮಾಚಿ ಬರೆಯಲಾರೆ. ಅಂಗವಿಕಲರ ಪ್ರಮಾಣಪತ್ರ ಸಿಗಬಹುದೇ ಎಂದು ಪತಿ ಕೇಳಿಸಿದ್ದರು. 2016ರ ಕಾಯ್ದೆಯ 21 ಬಗೆಗಳಲ್ಲಿ ಈ ಕಾಯಿಲೆಯ ಹೆಸರಿಲ್ಲ.

ಇದು ಹೆಂಗಸರ ಕಾಯಿಲೆ ಎಂಬ ಮಾತಿನ ಬಗ್ಗೆಯೂ ಒಂದೆರಡು ಸಾಲು ಬರೆಯಬೇಕು, ಏಕೆಂದರೆ ಈ ಪ್ರಕರಣವೇ ಅದಕ್ಕೆ ಪುರಾವೆಯಂತೆ ಓದಿಸಿಕೊಂಡೀತು. ಹೆಂಗಸರಲ್ಲಿ ಹೆಚ್ಚು, ನಿಜ. ಆದರೆ ಒತ್ತಿ ನೋಡುವ ಹಳೆಯ ಮಾನದಂಡ ಒತ್ತಡಕ್ಕೆ ಬೇಗ ನೋಯುವ ಹೆಂಗಸರನ್ನೇ ಹೆಚ್ಚಾಗಿ ಆರಿಸುತ್ತಿತ್ತು. ಕೇಳಿ ತಿಳಿಯುವ ಹೊಸ ಕ್ರಮದಲ್ಲಿ ಗಂಡಸರ ಪಾಲು ಹೆಚ್ಚಾಗಿ ಕಾಣುತ್ತಿದೆ. ನನ್ನ ಬಳಿ ಬರುವ ಗಂಡಸರು ಮೈಯೆಲ್ಲ ನೋವು ಎಂದು ಹೇಳುವುದಿಲ್ಲ, ಸೊಂಟ ಎನ್ನುತ್ತಾರೆ. ಉಳಿದದ್ದನ್ನು ನಾವೇ ಕೇಳಬೇಕು.

ಒಂಬತ್ತು ತಿಂಗಳ ಬಳಿಕ ಮತ್ತೆ ಲೆಕ್ಕ ಹಾಕಿದಾಗ ನೋವಿನ ಜಾಗಗಳು 12ರಿಂದ 9ಕ್ಕೆ, ತೀವ್ರತೆಯ ಅಂಕ 8ರಿಂದ 5ಕ್ಕೆ ಇಳಿದಿದ್ದವು. ಮಾನದಂಡದ ಪ್ರಕಾರ ಕಾಯಿಲೆ ಇನ್ನೂ ಇದೆ. ನಡಿಗೆ 22 ನಿಮಿಷಕ್ಕೆ ಬಂದಿದೆ. ಕರಾರಿನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ, ನಡುವೆ ಕೆಲವು ವಾರ ಏರಿಸಿರಲಿಲ್ಲ. ಗಂಜಿಯ ಜೊತೆಗೆ ಬಂಗುಡೆ ವಾಪಸು ಬಂದಿದೆ.

ಅವರಿಗೆ ನೋವಿನ ಡೈರಿ ಬರೆಯಲು ನಾನು ಹೇಳಲಿಲ್ಲ, ದಿನವೂ ನೋವನ್ನೇ ಅಳೆಯುತ್ತ ಕುಳಿತರೆ ಅದೇ ಒಂದು ಕೆಲಸವಾಗುತ್ತದೆ. ಹೂವಿನ ಲೆಕ್ಕದ ಪುಸ್ತಕದಲ್ಲಿ ಚೆಂಡು, ದರ ಎಂಬ ಕಾಲಮುಗಳ ಪಕ್ಕದಲ್ಲಿ ನಡಿಗೆ, ನಿದ್ರೆ ಎಂದು ಇನ್ನೆರಡು ಗೆರೆ ಎಳೆದುಕೊಂಡಿದ್ದಾರೆ. ಕಳೆದ ಏಪ್ರಿಲ್‌ನಲ್ಲಿ ಮದುವೆಗಳು ಒಟ್ಟಿಗೆ ಬಂದು ದರ ಏರಿದ ಒಂದು ಶನಿವಾರ ಅಲ್ಲಿ ಆರು ಚೆಂಡು ಎಂದಿತ್ತು. ಭಾನುವಾರ, ಸೋಮವಾರ, ಮಂಗಳವಾರ ಚೆಂಡಿನ ಕಾಲಮಿನಲ್ಲಿ ಸೊನ್ನೆ. ಆ ಮೂರು ದಿನವೂ ನಡಿಗೆಯ ಕಾಲಮಿನಲ್ಲಿ ಆರು, ಆರು, ಆರು ಎಂದು ಬರೆದಿತ್ತು; ಮಂಗಳವಾರದ ಅಕ್ಷರ ಅವರದಲ್ಲ, ಅತ್ತೆಯದು.